ಬಾಯಲ್ಲಿ ನೋಡಿಕೊಂಡು ನಡೆದವರು

“ಅವ್ನು ಬಾಯಲ್ಲಿ ನೋಡ್ಕಂಡು ನಡೀತವ್ನೆ, ಪಾಪ.”

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಟೀವಿ ನೋಡುತ್ತಾ ಕೂತಿದ್ದ ನಮ್ಮ ಅತ್ತೆ ಹೀಗೆಂದರು. ಪಕ್ಕದಲ್ಲಿ ಕಡಲೆಪುರಿ ಮೆಲ್ಲುತ್ತಿದ್ದ ನಾನು ಗಮನ ಕೊಡಲಿಲ್ಲ. ಟೀವಿ ನೋಡುವಾಗ ಅತ್ತೆಯರು ಏನಾದರೊಂದು ಹೇಳುತ್ತಲೇ ಇರುತ್ತಾರೆ. (ಅಳಿಯಂದಿರು ತಲೆ ಆಡಿಸುತ್ತಲೇ ಇರುತ್ತಾರೆ.)

ಬರುತ್ತಿದ್ದದ್ದು ಧಾರಾವಾಹಿಯಲ್ಲ. ಹಳೆಯದೊಂದು ವಿದೇಶಿ ಬಾಹ್ಯಾಕಾಶ ಸಿನಿಮಾವನ್ನು ಹೇಗೆ ತಯಾರಿಸಿದರು ಎಂದು ತೋರಿಸುವ ಡಾಕ್ಯುಮೆಂಟರಿ. ಬೇರೆ ಗ್ರಹದ ವಿಕಾರ ಪ್ರಾಣಿಯೊಂದು ಎಡವುತ್ತಾ ನಡೆದು ಬರುತ್ತಿತ್ತು. ಎರಡು ನಿಮಿಷ ಕಳೆಯಿತು. ಆ ವೇಷದೊಳಗಿದ್ದ ನಟ, ಈಗ ಹಣ್ಣು ಹಣ್ಣು ಮುದುಕ, ಕ್ಯಾಮೆರಾ ಮುಂದೆ ಕೂತು ನಗುತ್ತಾ ಇಂಗ್ಲಿಷಿನಲ್ಲಿ ವಿವರಿಸಿದ: ಮುಖವಾಡದ ಕಣ್ಣುಗಳು ಬರೀ ಗಾಜು, ಅದರಲ್ಲಿ ಏನೂ ಕಾಣುತ್ತಿರಲಿಲ್ಲ, ಬಾಯಿಯ ತೂತಿನಿಂದ ನೋಡಿಕೊಂಡು ನಡೆಯುತ್ತಿದ್ದೆ.

ಕಡಲೆಪುರಿಯ ತಟ್ಟೆ ಕೆಳಗಿಟ್ಟೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಬಂದರೂ, ಆತ ಬಾಯಿ ಬಿಡುವ ಎರಡು ನಿಮಿಷ ಮೊದಲೇ ಇವರಿಗೆ ಹೇಗೆ ಗೊತ್ತಾಯಿತು?

ಇಲ್ಲಿ ನನ್ನ ಚಟದ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಶಿರಾದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುವವನು. ವೈಜ್ಞಾನಿಕ ಸಿನಿಮಾಗಳೆಂದರೆ ಇಷ್ಟ. ಅದಕ್ಕಿಂತ ಇಷ್ಟ, ಅವುಗಳ ಮೇಕಿಂಗ್ ನೋಡುವುದು. ಬೆಂಕಿ ಉಗುಳುತ್ತಾ ಹಾರುವ ನೌಕೆ ಅಸಲಿಗೆ ಮೊಣಕೈ ಉದ್ದದ ಪ್ಲಾಸ್ಟಿಕ್ ಬೊಂಬೆ, ಚಂದ್ರನ ಮೇಲಿನ ಧೂಳು ಸಿಮೆಂಟು, ಆಕಾಶ ಒಂದು ಕಪ್ಪು ಬಟ್ಟೆ, ನಕ್ಷತ್ರ ಅದರಲ್ಲಿನ ತೂತು. ಇದೆಲ್ಲ ನೋಡಿದಾಗ ನನಗೆ ಸಿಗುವ ಸಂತೋಷ ಮೂಲ ಸಿನಿಮಾದಲ್ಲೂ ಸಿಗುವುದಿಲ್ಲ. “ಇವರಿಗೆ ಊಟಕ್ಕಿಂತ ಪಾತ್ರೆ ತೊಳೆಯೋದು ನೋಡೋದೇ ಇಷ್ಟ” ಎಂದು ಹೆಂಡತಿ ವನಜಾ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. (ತೊಳೆಯುವುದು ಮಾತ್ರ ಇಷ್ಟವಿಲ್ಲ ಎಂಬುದನ್ನೂ ಸೇರಿಸುತ್ತಾಳೆ.)

ಅತ್ತೆ ಸಿದ್ದಗಂಗಮ್ಮ ಇರುವುದು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಲ್ಲಿ. ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲಿ ಹತ್ತು ದಿನ ಇರಲು ಬಂದಿದ್ದರು. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಟೀವಿ ಬೇಡ ಎಂದು ಡಾಕ್ಟರು ಹೇಳಿದ್ದರು. ಆ ಅರ್ಧ ಗಂಟೆಯನ್ನು ನನ್ನ ಡಾಕ್ಯುಮೆಂಟರಿಗೆ ಬಲಿಕೊಟ್ಟು ಕೂತಿದ್ದರು ಪಾಪ.

“ಅತ್ತೆ, ಬಾಯಲ್ಲಿ ನೋಡ್ತಿದಾನೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು?”

“ತಲೆ ನೋಡಿ ಅಳಿಯಂದ್ರೆ. ಗದ್ದ ಎತ್ಕಂಡು ನಡೀತವ್ನೆ. ಕಣ್ಣಲ್ಲಿ ನೋಡೋನು ಅಂಗೆ ಎತ್ತಲ್ಲ. ಬಾಯಿ ಕೆಳಗೈತಲ್ಲ, ಮುಂದಿನ ದಾರಿ ಕಾಣ್ಬೇಕು ಅಂದ್ರೆ ಗದ್ದ ಎತ್ತಲೇಬೇಕು.”

ಬೆಳಕು ಸರಳ ರೇಖೆಯಲ್ಲಿ ಚಲಿಸುತ್ತದೆ ಎಂದು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿರುವ ನನಗೆ ಇದು ಹೊಳೆದಿರಲಿಲ್ಲ.

“ಇದನ್ನೆಲ್ಲ ನಿಮಗೆ ಯಾರು ಹೇಳಿದ್ರು?”

ಅತ್ತೆ ಕಪ್ಪು ಕನ್ನಡಕ ಸರಿ ಮಾಡಿಕೊಂಡರು. ಮಗಳು ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

“ಯಾರು ಹೇಳ್ಬೇಕು? ನಾನೂ ನಾಕು ದಿನ ಅಂಗೇ ನಡ್ದಿದೀನಿ.”

ನಾನು ಟೀವಿ ಆರಿಸಿದೆ. ನಮ್ಮ ಮನೆಯಲ್ಲಿ ಮೇಕಿಂಗ್ ಡಾಕ್ಯುಮೆಂಟರಿ ಅರ್ಧದಲ್ಲಿ ನಿಂತದ್ದು ಅದೇ ಮೊದಲು.

ಅತ್ತೆಯ ತವರು ಮಧುಗಿರಿ. ಅವರ ತಂದೆ ಬೆಟ್ಟದ ಬುಡದಲ್ಲಿ ಸಣ್ಣದೊಂದು ಹೋಟೆಲ್ ಇಟ್ಟುಕೊಂಡಿದ್ದರು. ಅತ್ತೆಗೆ ಹದಿನೆಂಟು ವರ್ಷ ಇದ್ದಾಗ ಒಂದು ಸಿನಿಮಾದವರು ಲಾರಿ ಹೊಡೆದುಕೊಂಡು ಬಂದರಂತೆ. ಅವರಿಗೆ ಗಿಡಮರ ಇಲ್ಲದ, ಬರೀ ಬಂಡೆ ಇರುವ ಬೇರೊಂದು ಗ್ರಹ ಬೇಕಾಗಿತ್ತು. ಎಲ್ಲೆಲ್ಲೋ ಹುಡುಕಿ ಕೊನೆಗೆ ನಮ್ಮ ಸೀಮೆಗೆ ಬಂದರು. (ಇದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೇಡವೋ, ಮಧುಗಿರಿಯವರು ತೀರ್ಮಾನಿಸಲಿ. ಈಗಿನ ಕಾಲದವರಾಗಿದ್ದರೆ ಪಾವಗಡದ ವಳ್ಳೂರಿಗೇ ಹೋಗಿರುತ್ತಿದ್ದರು. ಕಣ್ಣು ಹಾಯುವವರೆಗೂ ಸೋಲಾರ್ ಫಲಕ. ಸೆಟ್ಟೇ ಬೇಕಿಲ್ಲ.)

ಚಿತ್ರತಂಡಕ್ಕೆ ತಿಂಡಿ ಊಟ ಕೊಡುವ ಕೆಲಸ ಅತ್ತೆಯ ತಂದೆಗೆ ಸಿಕ್ಕಿತು. ಅತ್ತೆ ಮತ್ತು ಅವರ ತಾಯಿ ಚಿತ್ರಾನ್ನದ ಬಾಂಡಲಿ ಹೊತ್ತುಕೊಂಡು ಬಂಡೆ ಹತ್ತುತ್ತಿದ್ದರು.

ಕಥೆ ಇಷ್ಟೇ. ರಾಕೆಟ್ಟಿನಲ್ಲಿ ಬಂದಿಳಿಯುವ ಹೀರೋನನ್ನು ಆ ಗ್ರಹದ ರಾಕ್ಷಸ ಅಟ್ಟಿಸಿಕೊಂಡು ಬರುತ್ತದೆ. ರಾಕ್ಷಸನ ವೇಷವನ್ನು ಟ್ರಾಕ್ಟರ್ ಟ್ಯೂಬು, ಗೋಣಿಚೀಲ, ತೆಂಗಿನ ನಾರು ಸೇರಿಸಿ ಹೊಲಿದಿದ್ದರು. ಕಣ್ಣಿಗೆ ಟಾರ್ಚಿನ ಗಾಜು. ಒಳಗೆ ಹೋಗಬೇಕಾದವನು ತೆಳ್ಳಗೆ, ಗಿಡ್ಡಗೆ ಇರುವ ಒಬ್ಬ ಫೈಟರ್. ಬೇಸಿಗೆ. ಎರಡನೇ ದಿನ ಆತ ಬಂಡೆಯ ಮೇಲೆ ಧೊಪ್ಪನೆ ಬಿದ್ದ. ನೀರು ತಟ್ಟಿ ಎಬ್ಬಿಸಿದರೆ, ಕೈಮುಗಿದು, ಮತ್ತೆ ಅದರೊಳಗೆ ಹೋಗುವುದಿಲ್ಲ ಎಂದುಬಿಟ್ಟ. ಉಳಿದವರು ಯಾರೂ ಅದರೊಳಗೆ ಹಿಡಿಸುವಂತಿರಲಿಲ್ಲ.

ವೇಷದ ಮಾಸ್ಟ್ರು ಪಾವಗಡದ ಕಡೆಯವರು, ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುವವರು. ತಲೆಮೇಲೆ ಕೈಹೊತ್ತು ಕೂತಿದ್ದವರ ಕಣ್ಣಿಗೆ ಮಜ್ಜಿಗೆ ಬಗ್ಗಿಸುತ್ತಿದ್ದ ಸಣಕಲು ಹುಡುಗಿ ಬಿದ್ದಳು.

“ಏಮ್ಮಾ, ಒಂದ್ಸಾರಿ ಇದರ ಲೋಪಲ ಹೋಗಿ ನಿಂತ್ಕಂಡು ತೋರಿಸ್ತೀಯಾ? ಅಳತೆ ನೋಡಕ್ಕೆ ಅಷ್ಟೇ.”

ಅಳತೆ ಸರಿಹೋಯಿತು. ಅಳತೆ ನೋಡಲು ಒಳಗೆ ಹೋದವರು ನಾಲ್ಕು ದಿನ ರಾಕ್ಷಸನಾಗಿ ದುಡಿದರು.

“ಭಯ ಆಗ್ಲಿಲ್ವಾ ಅತ್ತೆ?”

“ನನ್ನ ನೋಡಿ ಅವ್ರು ಹೆದರ್ಬೇಕಾಗಿತ್ತು ಕಣಪ್ಪ. ನಾನ್ಯಾಕೆ ಹೆದರ್ಲಿ? ಸೆಕೆ ಮಾತ್ರ ತಡೆಯಕ್ಕಾಗ್ತಿರ್ಲಿಲ್ಲ. ನಮ್ಮವ್ವ ಪರಂಗಿ ಎಲೆ ದಂಟು ಬಾಯಿ ತೂತಿಗೆ ತುರುಕಿ ಮಜ್ಜಿಗೆ ಕುಡಿಸೋಳು. ಹೀರೋಗೆ ಸೋಡಾ. ರಾಕ್ಷಸಂಗೆ ಮಜ್ಜಿಗೆ.”

ನಾನು ನೋಟ್ಸ್ ಮಾಡಿಕೊಳ್ಳಲು ಪೆನ್ನು ಹುಡುಕಿದೆ. ಅತ್ತೆ ಗಿಡ್ಡ. ರಾಕ್ಷಸ ಹೇಗೆ ದೊಡ್ಡದಾಗಿ ಕಂಡಿತು?

“ಗುಂಡಿ ತೋಡಿ ಅದರೊಳಗೆ ಕ್ಯಾಮ್ರಾ ಇಟ್ಕಂಡು ಕೂತಿದ್ರು. ನಾನು ಬಂಡೆ ಮೇಲೆ. ಕೆಳಗಿಂದ ನೋಡಿದ್ರೆ ಇಲಿನೂ ಆನೆ ಅಲ್ವಾ?”

“ಕೂಗಿದ್ದೂ ನೀವೇನಾ?”

ಅತ್ತೆಯ ಮುಖ ಸಣ್ಣಗಾಯಿತು. “ನಾನು ಚೆನ್ನಾಗೇ ಕೂಗಿದ್ದೆ. ಆಮ್ಯಾಕೆ ಪಿಚ್ಚರ್‌ನಲ್ಲಿ ನೋಡಿದ್ರೆ ಎಮ್ಮೆ ಕೂಗು ಹಾಕವ್ರೆ.”

“ಮತ್ತೆ ರಾಕೆಟ್ಟು?”

“ಮೂರು ಡಾಂಬರ್ ಡ್ರಮ್ಮು, ಒಂದರ ಮೇಲೊಂದು. ಬೆಳ್ಳಿ ಬಣ್ಣ ಹೊಡ್ದಿದ್ರು. ಅವ್ರು ಹೊರಟಾಗ ಅಲ್ಲೇ ಬುಟ್ಟೋದ್ರು. ನಮ್ಮಪ್ಪ ಎರಡು ತಂದು ನೀರು ಕಾಯಿಸಕ್ಕೆ ಇಟ್ಕಂಡ್ರು.”

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ವನಜಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕೈಯಲ್ಲಿ ಸೌಟು ಹಾಗೇ ಇತ್ತು.

“ಅಮ್ಮ, ಯಾವ ಪಿಚ್ಚರು ಇದು? ಅಜ್ಜಿಗೆ ಜ್ವರ ಬಂದ ಪಿಚ್ಚರಾ?”

ಅತ್ತೆ ಟೀವಿಯ ರಿಮೋಟ್ ಹುಡುಕತೊಡಗಿದರು.

ನನಗೆ ಅರ್ಥವಾಗಲಿಲ್ಲ. ವನಜಾ ಬಿಡಿಸಿ ಹೇಳಿದಳು. ಅವಳ ಅಜ್ಜಿ, ಅಂದರೆ ಅತ್ತೆಯ ಅತ್ತೆ ಗೌರಮ್ಮಜ್ಜಿ, ಒಂದು ಕಾಲದಲ್ಲಿ ಕೊರಟಗೆರೆಯ ಟೆಂಟಿನಲ್ಲಿ ಯಾವುದೋ ರಾಕ್ಷಸನ ಸಿನಿಮಾ ನೋಡಿ ಮೂರು ದಿನ ಜ್ವರ ಹಿಡಿದು ಮಲಗಿದ್ದರಂತೆ. ತಾಯಿತ ಕಟ್ಟಿಸಿದ ಮೇಲೆ ಎದ್ದರಂತೆ. ಮುಂದೆ ವನಜಾ ಹುಟ್ಟಿ, ಊಟ ಮಾಡದೆ ಹಟ ಹಿಡಿದಾಗಲೆಲ್ಲ ಅಜ್ಜಿ ಆ ರಾಕ್ಷಸನನ್ನೇ ಕರೆಯುತ್ತಿದ್ದರಂತೆ.

“ಅಂದ್ರೆ ಅಜ್ಜಿ ಯಾವ ಗುಮ್ಮನ ಹೆಸರು ಹೇಳಿ ನನ್ನ ಹೆದರಿಸ್ತಿದ್ರೋ, ಆ ಗುಮ್ಮನೇ ನನಗೆ ತುತ್ತು ತಿನ್ನಿಸ್ತಿತ್ತಾ?”

“ಉಂಡೆ ತಾನೆ” ಅಂದರು ಅತ್ತೆ.

ನಗು ಬಂದರೂ ವನಜಾಗೆ ಬೇಜಾರಾಗಿದ್ದು ಕಾಣುತ್ತಿತ್ತು. ಇಷ್ಟು ವರ್ಷ ನನಗೂ ಒಂದು ಮಾತು ಹೇಳಲಿಲ್ಲವಲ್ಲ ಎಂದಳು. ಅತ್ತೆ ಕಾರಣ ಕೊಟ್ಟರು. ಆಗ ಹೊಳವನಹಳ್ಳಿಯ ಮನೆಯವರು ಹೆಣ್ಣು ನೋಡಿಕೊಂಡು ಹೋಗಿದ್ದರು. ಸಿನಿಮಾದಲ್ಲಿ ಕೆಲಸ ಮಾಡಿದ ಹುಡುಗಿ ಎಂದು ಗೊತ್ತಾದರೆ ಸಂಬಂಧ ತಪ್ಪಿಹೋಗುತ್ತದೆ ಎಂದು ಅವರಪ್ಪ ಆಣೆ ಇಡಿಸಿಕೊಂಡಿದ್ದರು. (ರಾಕ್ಷಸನ ಪಾತ್ರವಾದರೂ ಸಿನಿಮಾ ಸಿನಿಮಾನೇ ತಾನೆ?) ಮದುವೆಯಾಯಿತು. ಅದಾದ ಕೆಲವೇ ತಿಂಗಳಿಗೆ ಸಿನಿಮಾ ಬಂತು. ಮನೆಯವರ ಜೊತೆ ಚಾಪೆಯ ಮೇಲೆ ಕೂತು, ತೆರೆಯ ಮೇಲಿನ ತಮ್ಮನ್ನು ತಾವೇ ನೋಡಿ, ಸುಮ್ಮನೆ ಎದ್ದು ಬಂದರು.

ಅತ್ತೆ ಒಂದೇ ಒಂದು ಮಾತು ಕೇಳಿಕೊಂಡರು. “ನಿಮ್ಮಜ್ಜಿಗೆ ಮಾತ್ರ ಹೇಳ್ಬೇಡ್ರಪ್ಪ.”

ಅದು ತಮಾಷೆಯ ಮಾತಾಗಿರಲಿಲ್ಲ. ಗೌರಮ್ಮಜ್ಜಿಗೆ ತೊಂಬತ್ತರ ಹತ್ತಿರ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಸುಳ್ಳು ಹೇಳಿದ ಎಂಬ ಕಾರಣಕ್ಕೆ ಒಡಹುಟ್ಟಿದ ತಮ್ಮನ ಮನೆಯಲ್ಲಿ ಹತ್ತು ವರ್ಷ ನೀರು ಮುಟ್ಟದವರು. ಈಗ ಹೊಳವನಹಳ್ಳಿಯ ಮನೆಯಲ್ಲಿ ಇರುವುದು ಅತ್ತೆ ಸೊಸೆ ಇಬ್ಬರೇ. ಅಲ್ಲಿ ಮಾತು ನಿಂತರೆ ಇಡೀ ಮನೆಯೇ ನಿಂತಂತೆ.

ನಾನು ನೆಟ್ಟಿನಲ್ಲಿ ಆ ಸಿನಿಮಾ ಹುಡುಕಲು ಕೂತೆ. ಅತ್ತೆಗೆ ಹೆಸರು ನೆನಪಿರಲಿಲ್ಲ. “ಕೊನೇಲಿ ಏನೋ ಲೋಕ ಅಂತಿತ್ತು” ಅಂದರು. ಎರಡು ದಿನ ಜಾಲಾಡಿದರೂ ಒಂದು ಪೋಸ್ಟರ್ ಕೂಡ ಸಿಗಲಿಲ್ಲ. ಪರದೇಶದ ಸಿನಿಮಾದಲ್ಲಿ ನೌಕೆಗೆ ದಾರ ಕಟ್ಟಿದವನ ಹೆಸರು, ಅವನ ಊರು, ಅವನು ಬಳಸಿದ ಅಂಟಿನ ಬ್ರಾಂಡು ಎಲ್ಲ ನನಗೆ ಬಾಯಿಪಾಠ. ನಮ್ಮ ಮಧುಗಿರಿಯ ಬಂಡೆಯ ಮೇಲೆ ತಯಾರಾದ ಸಿನಿಮಾದ ಹೆಸರು ಗೊತ್ತಿಲ್ಲ. ನಾಚಿಕೆಯಾಯಿತು. ಬೇರೆ ದಾರಿ ಕಾಣದೆ ನಮ್ಮ ಹಿಂದಿನ ಬೀದಿಯ ಷಫಿ ಸಾಬರ ಅಂಗಡಿಗೆ ಹೋದೆ.

ಷಫಿ ಸಾಬರು ಈಗ ಮಿಕ್ಸಿ ರಿಪೇರಿ ಮಾಡುತ್ತಾರೆ. ವಯಸ್ಸಿನಲ್ಲಿದ್ದಾಗ ಶಿರಾದ ಟಾಕೀಸೊಂದರಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ರಾಕ್ಷಸ, ಬಂಡೆ, ಡಾಂಬರ್ ಡ್ರಮ್ಮಿನ ರಾಕೆಟ್ಟು ಎಂದೆಲ್ಲ ವರ್ಣಿಸಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಅರೇ, ಆ ಪಿಚ್ಚರಾ? ಮೂರೇ ದಿವಸ ಹಾಕಿದ್ದು ಸಾರ್. ನಾಲ್ಕನೇ ದಿವಸಕ್ಕೆ ಜನಾನೇ ಇಲ್ಲ. ಹೆಸರು ನಂಗೂ ನೆನಪಿಲ್ಲ.” ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. “ಯಾಕೆ ಕೇಳ್ತಿದೀರಾ? ಅದರಲ್ಲಿ ಒಂದು ಅಜೀಬ್ ವಿಷಯ ಇದೆ.”

ಒಳಗೆ ಹೋಗಿ ಹಳೆಯ ಬಿಸ್ಕತ್ತಿನ ಡಬ್ಬಿ ತಂದರು. ಆಗೆಲ್ಲ ರೀಲು ಪಟಕ್ಕನೆ ತುಂಡಾಗುತ್ತಿತ್ತು. ಹರಿದ ತುದಿ ಕತ್ತರಿಸಿ ಅಂಟಿಸುವಾಗ ನಾಲ್ಕಾರು ಚೌಕಗಳು ಕೆಳಗೆ ಬೀಳುತ್ತಿದ್ದವು. ಇಷ್ಟವಾದವನ್ನು ಷಫಿ ಸಾಬರು ತೆಗೆದಿಟ್ಟುಕೊಳ್ಳುತ್ತಿದ್ದರು. ಅದರಲ್ಲೊಂದು ತುಂಡನ್ನು ಬಾಗಿಲ ಬೆಳಕಿಗೆ ಹಿಡಿದು, ಗಡಿಯಾರ ರಿಪೇರಿಯ ಭೂತಗನ್ನಡಿ ನನ್ನ ಕೈಗೆ ಕೊಟ್ಟರು.

“ರಾಕ್ಷಸನ ಪಾದ ನೋಡಿ ಸಾರ್.”

ನೋಡಿದೆ. ಐದು ಚೌಕ. ಬಣ್ಣವೆಲ್ಲ ಕೆಂಪಾಗಿ ತಿರುಗಿತ್ತು. ಬಂಡೆಯ ಮೇಲೆ ರಾಕ್ಷಸನ ಎರಡು ಕಾಲು. ಒಂದರಲ್ಲಿ ದೊಡ್ಡ ದೊಡ್ಡ ಉಗುರಿನ ರಬ್ಬರ್ ಪಾದ. ಇನ್ನೊಂದರ ರಬ್ಬರ್ ಎಲ್ಲೋ ಕಳಚಿ ಬಿದ್ದಿತ್ತು. ಬರಿಗಾಲು. ಸಣ್ಣ ಪಾದ. ಅದರ ಮೇಲೆ ಬೆಳ್ಳಿಯ ಕಾಲುಚೈನು.

“ರಾಕ್ಷಸಂಗೆ ಕಾಲ್‌ಚೈನು” ಅಂದರು ಷಫಿ ಸಾಬರು. “ನಾನು ಹೇಳಿದ್ರೆ ಟಾಕೀಸಲ್ಲಿ ಯಾರೂ ನಂಬ್ತಿರ್ಲಿಲ್ಲ ಸಾರ್. ಷಫಿಗೆ ದಿಮಾಗ್ ಖರಾಬ್ ಆಗಿದೆ ಅಂತಿದ್ರು. ಅದಕ್ಕೇ ಇಟ್ಕೊಂಡೆ. ಯಾರಿರ್ಬೋದು ಆ ಹುಡ್ಗಿ ಅಂತ ಎಷ್ಟು ವರ್ಷ ಯೋಚ್ನೆ ಮಾಡಿದೀನಿ ಗೊತ್ತಾ?”

“ನಮ್ಮ ಅತ್ತೆ” ಅಂದೆ.

ಷಫಿ ಸಾಬರು ನನ್ನ ತಮಾಷೆಗೆ ನಗಲು ತಯಾರಾದರು. ನಾನು ನಗಲಿಲ್ಲ. ಆಮೇಲೆ ಅವರು ಅಂಗಡಿಗೆ ಅರ್ಧ ಶಟರ್ ಎಳೆದು ನನ್ನ ಜೊತೆ ಹೊರಟರು.

ಅತ್ತೆ ಹೊಸ ಕಣ್ಣಿನಿಂದ ತಮ್ಮ ಹಳೆಯ ಕಾಲನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. “ಆ ಪಾದ ಕಿತ್ತೋಗಿದ್ದು ಯಾರ್ಗೂ ಹೇಳ್ಲಿಲ್ಲ ನಾನು. ಹೇಳಿದ್ರೆ ಇನ್ನೊಂದ್ಸಲ ನಡೀಬೇಕಿತ್ತು. ಬಂಡೆ ಕಾದು ಕೆಂಡ ಆಗಿತ್ತು.” ಷಫಿ ಸಾಬರು ಎದ್ದು ನಿಂತು ಸಲಾಂ ಮಾಡಿದರು. ನಿಜವಾಗಿ. ರಾಷ್ಟ್ರಪ್ರಶಸ್ತಿ ಕೊಡುವವರು ಕೂಡ ಅಷ್ಟು ಗಂಭೀರವಾಗಿ ನಿಲ್ಲುವುದಿಲ್ಲ.

“ಬೆಹೆನ್‌ಜೀ, ಇದು ನೀವೇ ಇಟ್ಕೊಳ್ಳಿ.”

ಅತ್ತೆ ಆ ಐದು ಚೌಕಗಳನ್ನು ಕರ್ಚೀಫಿನಲ್ಲಿ ಸುತ್ತಿ ಪರ್ಸಿನೊಳಗೆ ಇಟ್ಟರು. ರಾತ್ರಿ ಊಟಕ್ಕೆ ಕೂತಾಗ ತಾವಾಗಿಯೇ ಹೇಳಿದರು. “ನಮ್ಮತ್ತೆಗೆ ಹೇಳ್ಬುಡ್ತೀನಿ. ಇನ್ನೆಷ್ಟು ದಿನ ಇರ್ತಾರೋ. ನಾನಾದ್ರೂ ಎಷ್ಟು ದಿನ ಇರ್ತೀನೋ. ಬೈದ್ರೆ ಬೈಲಿ.”

ಮುಂದಿನ ಭಾನುವಾರ ಹೊಳವನಹಳ್ಳಿಗೆ ಹೊರಟೆವು. ದಾರಿಯುದ್ದಕ್ಕೂ ಅತ್ತೆ ಪರ್ಸನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ಮಧುಗಿರಿ ಬೆಟ್ಟ ಕಂಡಾಗ ಮಾತ್ರ ಕಾರಿನ ಕಿಟಕಿ ಇಳಿಸಿ, ಅದು ಮರೆಯಾಗುವವರೆಗೂ ನೋಡುತ್ತಿದ್ದರು.

ಗೌರಮ್ಮಜ್ಜಿ ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಕಾಫಿ ಆಯಿತು. ಕಣ್ಣಿನ ವಿಚಾರ ಆಯಿತು. ಅತ್ತೆ ಅಜ್ಜಿಯ ಎದುರು ಕೆಳಗೆ ಕೂತು, ತಡವರಿಸುತ್ತಾ, ಎಲ್ಲವನ್ನೂ ಹೇಳಿದರು. ಅಜ್ಜಿ ಹುಣಸೆಬೀಜ ತೆಗೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

“ಸುಳ್ಳು” ಅಂದರು ಕೊನೆಗೆ. “ಆ ರಾಕ್ಷಸ ಈ ತೊಲೆ ಮುಟ್ಟಂಗಿದ್ದ. ನೀನು ಉಪ್ಪಿನಕಾಯಿ ಜಾಡಿ ಇಳಿಸಕ್ಕೇ ಸ್ಟೂಲ್ ಹಾಕ್ಕಂತೀಯ.”

ನಾನು ಮುಂದೆ ಬಂದೆ. ಕ್ಯಾಮೆರಾ ಕೋನ, ದೃಷ್ಟಿರೇಖೆ, ಗುಂಡಿ, ಬಂಡೆ. ಪಾಠ ಶುರುಮಾಡಿದೆ. ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. (ನನ್ನ ವಿದ್ಯಾರ್ಥಿಗಳೂ ಹಾಗೇ.) ಷಫಿ ಸಾಬರಿಂದ ಕೇಳಿ ತಂದಿದ್ದ ಭೂತಗನ್ನಡಿ ಹಿಡಿದು ಕಾಲುಚೈನು ತೋರಿಸಿದೆ. ಬಹಳ ಹೊತ್ತು ನೋಡಿದರು.

“ಅಂದ್ರೆ ಅದು ಹೆಣ್ಣು ರಾಕ್ಷಸಿ. ನಂಗೂ ಅವತ್ತೇ ಅನುಮಾನ ಇತ್ತು.”

ವನಜಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಅಜ್ಜಿ ಹುಣಸೆಹಣ್ಣಿನ ಮೊರ ಪಕ್ಕಕ್ಕೆ ಸರಿಸಿದರು. “ಸರಿ. ನೀನೇ ಆಗಿದ್ರೆ ನಡ್ದು ತೋರ್ಸು.”

ಅರವತ್ತು ದಾಟಿದ ನಮ್ಮ ಅತ್ತೆ ಎದ್ದು ಜಗುಲಿಯ ಆ ತುದಿಗೆ ಹೋದರು. ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಪ್ಪು ಕನ್ನಡಕ ಹಾಗೇ ಇತ್ತು. ಗದ್ದ ಮೇಲೆತ್ತಿದರು. ಎರಡೂ ಕೈ ಮುಂದೆ ಚಾಚಿ, ಬೆರಳು ಮಡಚಿ, ಒಂದು ಕಾಲು ಎಳೆದುಕೊಂಡು, ಇನ್ನೊಂದು ಕಾಲು ಬೆಂಕಿಯ ಮೇಲೆ ಇಟ್ಟಂತೆ ಬೇಗ ಬೇಗ ಎತ್ತುತ್ತಾ ನಡೆದು ಬಂದರು. ನಾನು ಇಷ್ಟು ವರ್ಷ ಮೇಕಿಂಗ್ ನೋಡಿದವನು. ಸ್ಪಂಜು, ರಬ್ಬರು, ತಂತಿ ಎಲ್ಲ ಗೊತ್ತಿದ್ದವನು. ನನ್ನ ಮೈ ಜುಮ್ಮೆಂದಿತು. ರಬ್ಬರು ಗೋಣಿ ಯಾವುದೂ ಇಲ್ಲದೆ, ಹಗಲು ಹೊತ್ತಿನಲ್ಲಿ, ಹೂವಿನ ಸೀರೆ ಉಟ್ಟುಕೊಂಡು ರಾಕ್ಷಸ ಬರುತ್ತಿತ್ತು.

“ಸಾಕು ಬುಡು, ಸಾಕು” ಅಂದರು ಅಜ್ಜಿ. ಮೈಮೇಲಿನ ಸೆರಗನ್ನು ಬಿಗಿಯಾಗಿ ಎಳೆದುಕೊಂಡಿದ್ದರು.

ಅತ್ತೆ ಏದುಸಿರು ಬಿಡುತ್ತಾ ಕೂತರು. ಬಂತು, ಬೈಗುಳ ಬಂತು ಎಂದು ನಾನು ಕಾಯುತ್ತಿದ್ದೆ.

“ಮದ್ವೆ ಮುಂಚೆ ಹೇಳ್ಲಿಲ್ಲ, ಸರಿ. ನಿಮ್ಮಪ್ಪಂದು ಭಯ. ಆಮ್ಯಾಕೆ ಯಾಕೆ ಹೇಳ್ಲಿಲ್ಲ? ನಾನು ಜ್ವರ ಬಂದು ಮಲಗಿದ್ನಲ್ಲ, ಅವಾಗ ಹೇಳಿದ್ರೆ ತಾಯಿತದ ಕಾಸಾದ್ರೂ ಉಳೀತಿತ್ತು.”

ಅತ್ತೆ ನೆಲ ನೋಡುತ್ತಾ ಮೆಲ್ಲಗೆ ಹೇಳಿದರು.

“ಟೆಂಟಲ್ಲಿ ರಾಕ್ಷಸ ಬಂದಾಗ ನೀವು ಹೆದರಿ ನನ್ನ ಕೈ ಹಿಡ್ಕಂಡ್ರಿ ಅತ್ತೆ. ನಾನು ಈ ಮನೆಗೆ ಬಂದು ಆರು ತಿಂಗಳಾಗಿತ್ತು. ಅಲ್ಲೀಗಂಟ ನೀವು ನನ್ನ ಮುಖ ನೋಡಿ ನಗಾಡಿರ್ಲಿಲ್ಲ. ಅವತ್ತು ಪಿಚ್ಚರ್ ಮುಗಿಯೋಗಂಟ ಕೈ ಬುಡ್ಲಿಲ್ಲ. ಮನೇಗ್ ಬಂದ ಮ್ಯಾಕೂ ನನ್ನೇ ಪಕ್ಕದಲ್ಲಿ ಮಲಗಿಸ್ಕಂಡ್ರಿ. ಅದು ನಾನೇ ಅಂದಿದ್ರೆ ಬುಟ್ಬುಡ್ತಿದ್ರಿ.”

ಹೊರಗೆ ಕೊರಟಗೆರೆಯ ಬಸ್ಸು ಹಾರನ್ ಹೊಡೆದು ಹೋಯಿತು. ಅಜ್ಜಿ ಮೊರ ಮತ್ತೆ ಹತ್ತಿರ ಎಳೆದುಕೊಂಡರು. ಒಂದು ಹುಣಸೆಹಣ್ಣು ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೆಗೆದರು.

“ಹೇಳಿದ್ರೂ ಬುಡ್ತಿರ್ಲಿಲ್ಲ ಕಣೆ. ಇನ್ಯಾರ ಕೈ ಹಿಡೀಲಿ? ನಿಮ್ಮಾವ ಆಗ್ಲೇ ಎದ್ದು ಓಡೋಗಿದ್ರು.”

ಅತ್ತೆ ನಕ್ಕರು. ನಗುತ್ತಾ ನಗುತ್ತಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಪರೇಷನ್ ಆದ ಕಣ್ಣು, ಉಜ್ಜಬೇಡಿ ಎಂದು ಹೇಳಲು ನಾನು ಬಾಯಿ ತೆರೆದೆ. ವನಜಾ ನನ್ನ ತೋಳು ಜಿಗುಟಿದಳು.

ಅಂದಿನಿಂದ ಹೊಳವನಹಳ್ಳಿಯಲ್ಲಿ ಗೌರಮ್ಮಜ್ಜಿಯನ್ನು ಹಿಡಿಯುವವರಿಲ್ಲ. ನಮ್ಮ ಸೊಸೆ ಹೀರೋನ ಎತ್ತಿ ಬಂಡೆಗೆ ಅಪ್ಪಳಿಸಿದಳು ಎಂದು ಹಾಲು ಹಾಕುವವರಿಗೂ ಹೇಳುತ್ತಿದ್ದಾರಂತೆ. (ಕಥೆಯಲ್ಲಿ ಹಾಗೇನೂ ಇಲ್ಲ. ರಾಕ್ಷಸ ಸೋತು ಗುಂಡಿಗೆ ಬೀಳುತ್ತದೆ. ಆದರೆ ಅಜ್ಜಿಗೆ ಹೇಳುವವರು ಯಾರು?)

ಮೊನ್ನೆ ಹೊಳವನಹಳ್ಳಿಗೆ ಹೋದಾಗ ನಾನು ಮೊಬೈಲನ್ನು ಡಬ್ಬಿಯೊಂದಕ್ಕೆ ಒರಗಿಸಿ ನಿಲ್ಲಿಸಿ, ಅತ್ತೆಯನ್ನು ಎದುರಿಗೆ ಕೂರಿಸಿ, ಎಲ್ಲವನ್ನೂ ಮತ್ತೆ ಕೇಳಿ ರೆಕಾರ್ಡ್ ಮಾಡಿಕೊಂಡೆ. ಅತ್ತೆ ಒಳ್ಳೆಯ ಸೀರೆ ಉಟ್ಟು ಬಂದು ಕೂತಿದ್ದರು. ಒಂದೂವರೆ ಗಂಟೆ ಮಾತಾಡಿದರು. ಮಾಸ್ಟ್ರು ಹೊಲಿಗೆ ಹಾಕುವಾಗ ಬೆರಳಿಗೆ ಸೂಜಿ ಚುಚ್ಚಿಕೊಂಡದ್ದು, ಹೀರೋ ಬಂಡೆಯ ಮೇಲೆ ಚೇಳು ನೋಡಿ ರಾಕ್ಷಸನ ಬೆನ್ನ ಹಿಂದೆ ಅಡಗಿಕೊಂಡದ್ದು, ಎಲ್ಲ ಬಂತು. ನಾನು ನೋಡಿದ ಯಾವ ಮೇಕಿಂಗ್ ಡಾಕ್ಯುಮೆಂಟರಿಯಲ್ಲೂ ಇಷ್ಟು ಸೊಗಸಾದ ಸಂಗತಿಗಳಿರಲಿಲ್ಲ.

ಆ ಡಾಕ್ಯುಮೆಂಟರಿಗಳಲ್ಲಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸುವುದು ಅವರ ತಂತ್ರಜ್ಞಾನವಲ್ಲ. ಯಾರೋ ಒಬ್ಬರು ಒಂದು ಕುರ್ಚಿ ಹಾಕಿ, ಬೆಳಕು ಸರಿಮಾಡಿ, ತೊಂಬತ್ತು ವರ್ಷದ ಮುದುಕನ ಎದುರು ಕೂತು, ಆಗ ನೀವು ಇದನ್ನು ಹೇಗೆ ಮಾಡಿದಿರಿ ಹೇಳಿ ಎಂದು ಕೇಳುತ್ತಾರಲ್ಲ, ಅದು.

ನಾವು ನಮ್ಮ ಹಿರಿಯರ ಎದುರು ಕೂತು ಕೇಳುವುದು ಒಂದೇ ಪ್ರಶ್ನೆ: “ಮಾತ್ರೆ ತಗೊಂಡ್ರಾ?”